ಜಾಗೃತಿ ಇದೆ ಸರ್, ಡಾಕ್ಟರ್ ಎಲ್ಲಿ?

ಯಾದಗಿರಿಯಲ್ಲಿ ತಾಯಿ-ಮಕ್ಕಳ ಆರೋಗ್ಯ ಹಿಂದೆ ಬೀಳಲು ಜನರಿಗೆ ಜಾಗೃತಿ ಇಲ್ಲದ್ದೇ ಕಾರಣ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ ಸರ್, ಇದೊಂದು ಮಾತು ಒಪ್ಪೋಕಾಗಲ್ಲ. ನಮ್ಮ ಸುರಪುರ ಕಡೆ ಹೆಣ್ಣುಮಕ್ಕಳು ದುಡಿಯೋಕೆ ಬೆಂಗಳೂರಿಗೆ ಹೋಗುವಾಗಲೂ ಗರ್ಭಿಣಿಯರ ತಪಾಸಣೆ ಬರೆಯುವ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬಟ್ಟೆ ಚೀಲದ ತಳದಲ್ಲಿ ಇಟ್ಟುಕೊಂಡೇ ಹೋಗುತ್ತಾರೆ. ನನ್ನ ತಂಗಿಗೆ ಸ್ಕ್ಯಾನಿಂಗ್ ಬರೆದುಕೊಟ್ಟಾಗ ಆಸ್ಪತ್ರೆಯಲ್ಲಿ ಮಷಿನ್ ಇತ್ತು, ಮೇಲೆ ಬಟ್ಟೆ ಹೊದಿಸಿತ್ತು, ಮಾಡುವ ಡಾಕ್ಟರೇ ಇಲ್ಲ, ಕೊನೆಗೆ ಕಲಬುರಗಿಗೆ ಹೋಗಬೇಕಾಯಿತು, ಗಾಡಿ ಬಾಡಿಗೆ ಒಂದು ಕಡೆ, ಭಾವನ ಕೂಲಿ ಹೋಗಿದ್ದು ಇನ್ನೊಂದು ಕಡೆ. ಇದಕ್ಕೆ ಯಾವ ಜಾಗೃತಿ ಜಾಥಾ ಮಾಡುತ್ತೀರಿ?

ಸರ್ಕಾರದ ಮೇಲೆ ಒತ್ತಡ ಹಾಕಿದರೆ ಏನಾಗುತ್ತದೆ ಅಂತ ಮೊಟ್ಟೆ ವಿಷಯದಲ್ಲೇ ನೋಡಿದ್ದೇವೆ ಅಲ್ವಾ. 2021ರ ಡಿಸೆಂಬರ್‌ನಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಎಷ್ಟು ಗಲಾಟೆ! ಕೆಲವು ಮಠಾಧೀಶರು ಬೇಡವೇ ಬೇಡ ಅಂದರು. ಆಹಾರ ಹಕ್ಕಿನ ಹೋರಾಟಗಾರರು ಪಟ್ಟು ಬಿಡಲಿಲ್ಲ, ಮಕ್ಕಳು ನಮಗೆ ಮೊಟ್ಟೆ ಬೇಕು ಅಂತ ಬೀದಿಗೇ ಬಂದರು. ಮರುವರ್ಷ ಇಡೀ ರಾಜ್ಯಕ್ಕೇ ಬಂತು.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371-ಜೆ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2012ರಲ್ಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ (ಕೆಕೆಆರ್‌ಡಿಬಿ) ದುಡ್ಡಲ್ಲಿ ಕಟ್ಟಡಗಳೇನೋ ಏಳುತ್ತಿವೆ, ಟೆಂಡರ್ ಕರೆಯೋದು ಸುಲಭ ನೋಡಿ. ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ಸ್ಕ್ಯಾನಿಂಗ್ ಡಾಕ್ಟರು ತಾಲ್ಲೂಕಲ್ಲಿ ನಿಲ್ಲುವಂತೆ ಮಾಡೋದು ಯಾರಿಗೂ ಬೇಡ. ಮುಂದಿನ ಬಜೆಟ್ ಹೊತ್ತಿಗೆ ಇನ್ನೊಂದು ಲೇಖನ ಬರೆಯುವುದಾದರೆ, ಇಲ್ಲಿ ಕೆಲಸ ಮಾಡುವ ತಜ್ಞರಿಗೆ ಜಾಸ್ತಿ ಭತ್ಯೆ, ಒಳ್ಳೆ ಕ್ವಾರ್ಟರ್ಸ್ ಕೊಡಿ ಅಂತ ಬರೆಯಿರಿ.