ಓಲೆ ಹೊತ್ತು ತಂದದ್ದು ಅರ್ಧ ಕೆಲಸ

ಉ.ವೇ. ಸ್ವಾಮಿನಾಥ ಅಯ್ಯರ್ (1855–1942) ಅಂದ ಕೂಡಲೇ ಎಲ್ಲರೂ ತೋರಿಸುವುದು ಒಂದೇ ಚಿತ್ರ: ಊರೂರು ಅಲೆದು, ಅಟ್ಟ ಹತ್ತಿ, ಗೆದ್ದಲು ಕೊಡವಿ ತಾಳೆಗರಿ ಕಟ್ಟು ಹೊತ್ತು ತಂದ ತಮಿಳು ತಾತ. ಸುಳ್ಳೇನಲ್ಲ, 3000ಕ್ಕೂ ಹೆಚ್ಚು ಓಲೆಪ್ರತಿ ಕೂಡಿಸಿದರು. ಆದರೆ ಅಲೆದು ಬಂದಮೇಲೆ ಕೂತು ಆ ಓಲೆಗಳನ್ನು ಓದಿ, ಪಾಠ ತಿದ್ದಿ, ಅಚ್ಚಿಗೆ ತಂದ ಕೆಲಸ ಅದಕ್ಕಿಂತ ದೊಡ್ಡದು. ಅದರಲ್ಲಿ ಸಿನಿಮಾ ಇಲ್ಲ, ಹಾಗಾಗಿ ಯಾರೂ ಹೇಳುವುದಿಲ್ಲ.

ಓಲೆಯ ಮೇಲೆ ಬರೆಯುವ ಕಬ್ಬಿಣದ ಕಂಟದಿಂದ ಚುಕ್ಕೆ ಇಟ್ಟರೆ ಗರಿ ತೂತಾಗುತ್ತದೆ. ಹಾಗಾಗಿ ಲಿಪಿಕಾರರು ಪುಳ್ಳಿಯನ್ನೇ, ಅಂದರೆ ವ್ಯಂಜನಕ್ಕೆ ಸ್ವರವಿಲ್ಲ ಎಂದು ತೋರಿಸುವ ಚುಕ್ಕೆಯನ್ನೇ, ಬಿಟ್ಟುಬಿಡುತ್ತಿದ್ದರು. ಪುಳ್ಳಿ ಇಲ್ಲದ ತಮಿಳಿನಲ್ಲಿ 'ಕ' ಯಾವುದು, 'ಕ್' ಯಾವುದು? ಎ–ಏಗೂ ಒ–ಓಗೂ ಒಂದೊಂದೇ ಗುರುತು. ಅದೇ ಬರಹವನ್ನು 'ಕೊಡು' ಅನ್ನಬಹುದು, 'ಕೋಡು' ಅನ್ನಬಹುದು. ದೀರ್ಘದ ಕಾಲು 'ರ' ಅಕ್ಷರದ ಹಾಗೇ ಇರುವುದರಿಂದ 'ಕಾ' ಹೋಗಿ 'ಕರ' ಆದೀತು. ಪದಗಳ ನಡುವೆ ಜಾಗವಿಲ್ಲ. ಪದ್ಯ ಎಲ್ಲಿ ಮುಗಿಯಿತು, ವ್ಯಾಖ್ಯಾನ ಎಲ್ಲಿ ಶುರುವಾಯಿತು ಎಂಬುದಕ್ಕೂ ಗುರುತಿಲ್ಲ. ದಾರ ಹರಿದರೆ ಗರಿಗಳು ಅದಲುಬದಲು. ಎರಡು ಸಾಲು ಒಂದೇ ಪದದಲ್ಲಿ ಮುಗಿದರೆ ನಕಲು ಮಾಡುವವನ ಕಣ್ಣು ಜಾರಿ ನಡುವಿನದೆಲ್ಲ ಮಾಯ. (ಹಳಗನ್ನಡದ ಓಲೆ ಓದಿದವರಿಗೆ ಎ–ಏ ತಾಪತ್ರಯ ಹೊಸದಲ್ಲ.)

1880ರಲ್ಲಿ ಕುಂಭಕೋಣದ ಕಾಲೇಜಿಗೆ ಸೇರಿದ ಹೊಸದರಲ್ಲೇ ಅಯ್ಯರ್‌ಗೆ ಮುನ್ಸೀಫ್ ಸೇಲಂ ರಾಮಸ್ವಾಮಿ ಮುದಲಿಯಾರ್ ಸಿಕ್ಕರು. ಗುರು ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೈ ಬಳಿ ಓದಿದ್ದ ಅಂತಾದಿ, ಪಿಳ್ಳೈತಮಿಳು ಎಂಬ ಪದ್ಯಪ್ರಕಾರಗಳ ಪಟ್ಟಿ ಒಪ್ಪಿಸಿದರೆ ಮುದಲಿಯಾರ್ ಜಗ್ಗಲಿಲ್ಲ. 'ಜೀವಕ ಚಿಂತಾಮಣಿ' ಓದಿದ್ದೀರಾ ಎಂದರು. ಓದಿರಲಿಲ್ಲ. ಅದು ಜೈನ ಕಾವ್ಯ. ನಮ್ಮಲ್ಲಿ ಭಾಸ್ಕರ ಕವಿ ಷಟ್ಪದಿಯಲ್ಲಿ ಹೇಳಿದ ಜೀವಂಧರನದೇ ಕಥೆ. ಶೈವ ಮಠದಲ್ಲಿ ಕಲಿತ ಅಯ್ಯರ್‌ಗೆ ಅದರ ಪರಿಭಾಷೆ ಅರ್ಥವಾಗಲಿಲ್ಲ. ಆಗ ಅವರು ನಿಘಂಟಿನ ಮೇಲೆ ಊಹೆ ಕಟ್ಟಲಿಲ್ಲ. ಕುಂಭಕೋಣದ ಜೈನರ ಮನೆಗೆ ಹೋಗಿ ಕೇಳಿ ಕಲಿತರು. ಅಲ್ಲಿ ಅದು ಇನ್ನೂ ಪಾರಾಯಣದ ಪುಸ್ತಕವಾಗಿತ್ತು. ಅಚ್ಚಾದದ್ದು 1887ರಲ್ಲಿ.

ಅವರ ನಿಜವಾದ ಉಪಾಯ ಇರುವುದು ವ್ಯಾಖ್ಯಾನ ಓದಿದ ರೀತಿಯಲ್ಲಿ. 'ಚಿಂತಾಮಣಿ'ಯ ಹಳೆಯ ವ್ಯಾಖ್ಯಾನಕಾರ ನಚ್ಚಿನಾರ್ಕಿನಿಯರ್ ಸಾಲುಸಾಲು ಉದ್ಧರಿಸಿ 'ಹೀಗೆಂದು ಇತರರೂ ಹೇಳಿದ್ದಾರೆ' ಎಂದು ಮುಂದೆ ಹೋಗುತ್ತಾರೆ, ಗ್ರಂಥದ ಹೆಸರೇ ಹೇಳುವುದಿಲ್ಲ. ಅಯ್ಯರ್ ಅಂಥ ಸಾಲುಗಳ ಬೆನ್ನು ಹತ್ತಿದರು. ತಿರುವಾವಡುದುರೈ ಮಠದ ಕಟ್ಟು ಬಿಚ್ಚಿದಾಗ ಆ ಸಾಲುಗಳು ಅಲ್ಲಿದ್ದವು: ಹತ್ತು ನೀಳ್ಗವಿತೆಗಳ ಪ್ರಾಚೀನ ತಮಿಳು ಸಂಕಲನ 'ಪತ್ತುಪ್ಪಾಟ್ಟು'. ಅದು 1889ರಲ್ಲಿ ಬಂತು, 'ಶಿಲಪ್ಪದಿಗಾರಂ' 1892, 'ಪುರನಾನೂರು' 1894, 'ಮಣಿಮೇಗಲೈ' 1898. 'ಕುರುಂತೊಗೈ' ಬಂದಾಗ ವರ್ಷ 1937, ವಯಸ್ಸು 82. ಪ್ರತಿಯೊಂದಕ್ಕೂ ಪಾಠಭೇದ, ಕವಿಯ ವಿಚಾರ, ಪದಗಳ ಅಕಾರಾದಿ. ಒಂದು ಪುಸ್ತಕದ ಅಕಾರಾದಿಯೇ ಮುಂದಿನದರ ಕೀಲಿಕೈ.

'ಪತ್ತುಪ್ಪಾಟ್ಟು'ವಿನ ಒಂದು ಕವಿತೆ 'ಕುರಿಂಜಿಪ್ಪಾಟ್ಟು' 99 ಹೂಗಳ ಹೆಸರು ಹೇಳುತ್ತದೆ. ಸಿಕ್ಕ ಪ್ರತಿಗಳಲ್ಲಿ ಕೆಲವು ಹೂಗಳ ಜಾಗ ಖಾಲಿ. ಛಂದಸ್ಸಿಗೆ ಕೂಡುವ ಹೂವೊಂದನ್ನು ತುಂಬಿಸುವುದು ಆ ಕಾಲದ ಪಂಡಿತರಿಗೆ ಎಡಗೈ ಕೆಲಸ. ಇವರು ತುಂಬಿಸಲಿಲ್ಲ. ಧರ್ಮಪುರ ಮಠದ ಪ್ರತಿಯಲ್ಲಿ ಆ ಸಾಲು ಸಿಕ್ಕಿತು. ಸಂಪಾದಕನ ನಿಯತ್ತು ಅಂದರೆ ಇದು.

ಒಬ್ಬರೇ ಎಲ್ಲ ಮಾಡಿದರು ಅನ್ನುವುದೂ ಸರಿಯಲ್ಲ. ಯಾಳ್ಪಾಣದ (ಶ್ರೀಲಂಕಾದ ಜಾಫ್ನಾ) ಸಿ.ವೈ. ದಾಮೋದರಂ ಪಿಳ್ಳೈ 1887ರಲ್ಲೇ ಇನ್ನೊಂದು ಪ್ರಾಚೀನ ಸಂಕಲನ 'ಕಲಿತ್ತೊಗೈ' ಅಚ್ಚು ಹಾಕಿಸಿದ್ದರು.

ಕರಿವಲಂವಂದನಲ್ಲೂರು ದೇವಸ್ಥಾನದಲ್ಲಿ ಅಯ್ಯರ್ ಓಲೆ ಕೇಳಿದರೆ, ಹಳೆಯವನ್ನೆಲ್ಲ ತುಪ್ಪದಲ್ಲಿ ಅದ್ದಿ ಹೋಮಕ್ಕೆ ಹಾಕಿದೆವು ಎಂಬ ಉತ್ತರ ಬಂತಂತೆ. ಈಗ ಹೋಮ ಇಲ್ಲ, ಹಾರ್ಡ್ ಡಿಸ್ಕ್ ಇದೆ. ಕೊರೆದ ಅಕ್ಷರಕ್ಕೆ ಕಾಡಿಗೆ ಸವರದೆ ಸ್ಕ್ಯಾನ್ ಮಾಡಿದ ಗರಿಯಲ್ಲಿ ಅಕ್ಷರವೇ ಏಳುವುದಿಲ್ಲ. ಎದ್ದರೂ ಗರಿ ಸಂಖ್ಯೆ, ಮೊದಲ ಸಾಲು, ಕೊನೆಯ ಸಾಲು ಬರೆದಿಡದಿದ್ದರೆ ಆ ಕಟ್ಟಿನಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು. ಪುಟ ಲೆಕ್ಕ ಹೇಳಿ ಬೆನ್ನು ತಟ್ಟಿಕೊಳ್ಳುವ ಯೋಜನೆಗಳನ್ನು ಕಂಡಾಗ ಕೇಳಬೇಕಾದ್ದು ಇಷ್ಟೇ: ಇದರಲ್ಲಿ ಎಷ್ಟು ಗರಿ ಓದಿದ್ದೀರಿ?