ಉಪ್ಪಿನಂಗಡಿಯ ಮೆಟ್ಟಿಲು, ಡೆಲ್ಲಿಯ ಆ್ಯಪ್

ಇವತ್ತು ಬೆಳಿಗ್ಗೆ ಮಂಗಳೂರಿನಲ್ಲಿ ನೇತ್ರಾವತಿ ದಡದ ಜಪ್ಪಿನಮೊಗರಿನ ನಮ್ಮ ಮಾಮೂಲಿ ಚಾ ಅಂಗಡಿ. ಹೊರಗೆ ಬಿಟ್ಟೂಬಿಡದೆ ಮಳೆ. ಅಂಗಡಿಯವರು ಫೋನ್ ಸ್ಪೀಕರಿಗೆ ಹಾಕಿ ಉಪ್ಪಿನಂಗಡಿಯ ಭಾವನನ್ನು ಕೇಳಿದರು: "ಭಾವ, ಮೆಟ್ಟಿಲು ಇನ್ನೆಷ್ಟು ಉಂಟು?" ಆ ಕಡೆಯಿಂದ, "ನಾಲ್ಕೋ ಐದೋ. ಕುಮಾರಧಾರೆ ಕೆಂಪಾಗಿ ಬರ್ತಾ ಉಂಟು." ಅಷ್ಟೇ. ಕುಮಾರಧಾರೆ ನೇತ್ರಾವತಿಗೆ ಸೇರುವುದು ಅಲ್ಲೇ; ಹೊಳೆಗೆ ಇಳಿಯುವ ಮೆಟ್ಟಿಲಲ್ಲಿ ಎಷ್ಟು ಮುಳುಗದೆ ಉಳಿದಿದೆ ಅಂತ ನೋಡಿಯೇ ನಮ್ಮ ಕಡೆ ನೆರೆಯ ಲೆಕ್ಕ. ಫೋನ್ ಇಟ್ಟವರೇ ಸಕ್ಕರೆ ಮೂಟೆಯನ್ನು ಬೆಂಚಿನ ಮೇಲೆ ಎತ್ತಿಟ್ಟರು.

ನೋಡಿ ಖುಷಿಯೂ ಆಯ್ತು, ಸಿಟ್ಟೂ ಬಂತು. ಖುಷಿ ಭಾವನ ಮೇಲೆ. ಸಿಟ್ಟು ಯಾರ ಮೇಲೆ ಅಂತ ಹೇಳುತ್ತೇನೆ.

ಕೇಂದ್ರ ಜಲ ಆಯೋಗ ಹುಟ್ಟಿದ್ದು 1945ರಲ್ಲಿ. ಡೆಲ್ಲಿಯ ಯಮುನೆಗೆ ನೆರೆ ಮುನ್ಸೂಚನೆ ಕೊಡಲು ಅದು ಶುರು ಮಾಡಿದ್ದು 1958ರಲ್ಲಿ. ನಮ್ಮ ಬಂಟ್ವಾಳದಲ್ಲೂ ಅದರದ್ದೇ ಅಳತೆ ಕೇಂದ್ರ ಉಂಟು. ಅಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್ ಅಂತ ಪ್ರತಿ ಮಳೆಗಾಲ ಪೇಪರಿನಲ್ಲಿ ಓದಿ ಓದಿ ಬಾಯಿಪಾಠ ಆಗಿದೆ. ಇಷ್ಟೆಲ್ಲ ಇದ್ದೂ ಸಕ್ಕರೆ ಮೂಟೆ ಎತ್ತಿಡಬೇಕಾದರೆ ಭಾವನೇ ಬೇಕು!

2023ರ ಆಗಸ್ಟಿನಲ್ಲಿ ನೆರೆ ಮುನ್ಸೂಚನೆಗೆ ಆಯೋಗದ್ದೇ 'ಫ್ಲಡ್‌ವಾಚ್ ಇಂಡಿಯಾ' ಅಂತ ಆ್ಯಪ್ ಬೇರೆ ಬಂತು. ಬಂದಾಗ ಇದ್ದದ್ದು ಇಂಗ್ಲಿಷ್, ಹಿಂದಿ ಎರಡೇ. ಬಿಡಿ, ಓದಲು ಬಂತು ಅಂತಲೇ ಇಟ್ಟುಕೊಳ್ಳಿ. ಅಪಾಯದ ಮಟ್ಟ ಮುಟ್ಟಿದರೆ ಕಿತ್ತಳೆ ಬಣ್ಣ. ಹಿಂದಿನ ದಾಖಲೆ ಮಟ್ಟವನ್ನೇ ಮುಟ್ಟಿದರೆ ಕೆಂಪು. ಆ ಹೊತ್ತಿಗೆ ಅಡುಗೆಮನೆಯಲ್ಲಿ ದೋಣಿ ಬಿಡಬಹುದು. ಪಾಣೆಮಂಗಳೂರಿನ ಆಲಡ್ಕದಲ್ಲಿ ಬೀಡಿ ಕಟ್ಟುವ ಅಕ್ಕನಿಗೆ ಬಣ್ಣ ಕಟ್ಟಿಕೊಂಡು ಎಂತ ಆಗಬೇಕು? ನೀರು ಅಂಗಳಕ್ಕೆ ಬರುತ್ತದಾ, ಜಗಲಿಗೆ ಹತ್ತುತ್ತದಾ, ಎಷ್ಟು ಹೊತ್ತಿಗೆ? ಅವರು ಕೇಳುವುದು ಇಷ್ಟೇ.

ಗಂಗೆ, ಬ್ರಹ್ಮಪುತ್ರದಂಥ ನದಿಗಳಲ್ಲಿ ಮೇಲಿನ ನೀರು ಕೆಳಗೆ ಬರಲು ದಿನಗಟ್ಟಲೆ ಬೇಕು. ಮೇಲೆ ಅಳೆದು ಕೆಳಗೆ ಹೇಳಿದರೆ ಸಾಕಾಗುತ್ತದೆ. ನಮ್ಮದು ನೂರು ಕಿಲೋಮೀಟರಿನ ಆಸುಪಾಸಿನ ಗಿಡ್ಡ ನದಿ. ಚಾರ್ಮಾಡಿಯಲ್ಲಿ ರಾತ್ರಿ ಸುರಿದದ್ದು ಬೆಳಿಗ್ಗೆ ಬಂಟ್ವಾಳದಲ್ಲಿ. ಅದರ ಮೇಲೆ ಉಳ್ಳಾಲದ ಅಳಿವೆಯಲ್ಲಿ ಕಡಲು ಉಬ್ಬರದಲ್ಲಿದ್ದರೆ ಹೊಳೆ ನೀರಿಗೆ ಹೋಗಲು ಜಾಗವೇ ಇಲ್ಲ, ನಮ್ಮ ತೋಡುಗಳಿಗೇ ವಾಪಸ್. ಇಲ್ಲಿ ಘಟ್ಟದ ಮಳೆ, ಹೊಳೆ ಮಟ್ಟ, ಉಬ್ಬರದ ಹೊತ್ತು ಮೂರನ್ನೂ ಒಟ್ಟಿಗೆ ನೋಡಿ, ಊರಿನ ಹೆಸರು ಹಿಡಿದು ಹೇಳಬೇಕು.

ಅಂದ ಹಾಗೆ, 1974ರ ನೆರೆಯ ಕಥೆ ಕೇಳಿಯೇ ಬೆಳೆದವನು ನಾನು. ಅಜ್ಜಿಯಂತೂ 1923ರ ಮಾರಿಬೊಳ್ಳದಿಂದಲೇ (ತುಳುವಿನಲ್ಲಿ ಮಹಾನೆರೆ) ಊರವರ ವಯಸ್ಸು ಲೆಕ್ಕ ಹಾಕುತ್ತಿದ್ದರು. ಆಟಿ ತಿಂಗಳ ಮಳೆಗಾಲದಲ್ಲಿ ರಾತ್ರಿ ಮಳೆ ಜೋರಾದರೆ ಈಗಲೂ ಎದ್ದು ಅಂಗಳಕ್ಕೆ ಟಾರ್ಚ್ ಬಿಡುತ್ತೇನೆ. ಮನೆಯವಳು ನಗುತ್ತಾಳೆ. ನಗಲಿ.

"ನೀರು ರಾಜ್ಯದ ವಿಷಯ ಮಾರಾಯ್ರೆ, ಆಯೋಗ ಹೇಳಬಹುದು ಅಷ್ಟೇ, ಜನರನ್ನು ಎಬ್ಬಿಸುವುದು ಜಿಲ್ಲಾಡಳಿತದ ಕೆಲಸ" ಅಂತ ನನ್ನ ಇಂಜಿನಿಯರ್ ಗೆಳೆಯ ಈಗ ಬರುತ್ತಾನೆ, ಗೊತ್ತು. ಸಂವಿಧಾನದ ರಾಜ್ಯಪಟ್ಟಿಯಲ್ಲಿ ನೀರು ಇರುವುದು ಹೌದು. ಹಾಗಂತ ಹೊಳೆ ಪಟ್ಟಿ ಓದಿಕೊಂಡು ಬರುತ್ತದಾ? ಹೇಳುವುದೇ ಕೆಲಸ ಆದರೆ, ಕೇಳಬೇಕಾದವರಿಗೆ ಕೇಳುವ ಹಾಗೆ ಹೇಳಲಿ ಅಲ್ವಾ?

ಲೆಕ್ಕ ಬರುವುದಿಲ್ಲ ಅಂತಲ್ಲ. ನೇತ್ರಾವತಿಗೆ ಸೇರುವ ಎತ್ತಿನಹೊಳೆಯಿಂದ ಘಟ್ಟದಾಚೆಯ ಬಯಲುಸೀಮೆಗೆ 24 ಟಿಎಂಸಿ ತೆಗೆಯಬಹುದು ಅಂತ ಹೇಳುವಾಗ ಸರ್ಕಾರಕ್ಕೆ ಹನಿ ಹನಿಯ ಲೆಕ್ಕ ಸಿಗುತ್ತದೆ. ನೀರು "ಸುಮ್ನೆ ಸಮುದ್ರಕ್ಕೆ ಹೋಗುತ್ತದೆ" ಅಂತ ಭಾಷಣ ಮಾಡುವವರಿಗೂ ಸಿಗುತ್ತದೆ. ಅದೇ ನೀರು ದಾರಿಯಲ್ಲಿ ನಮ್ಮ ಮನೆಗೆ ಎಷ್ಟು ಗಂಟೆಗೆ ನುಗ್ಗುತ್ತದೆ ಅಂತ ಕೇಳಿದರೆ ಮಾತ್ರ ಎಲ್ಲರೂ ಮೌನ. ಘಟ್ಟದಾಚೆ ಕೊಡುವಾಗ ನೇತ್ರಾವತಿ ದೇಶದ ಸಂಪತ್ತು, ಉಕ್ಕಿದಾಗ ಬಂಟ್ವಾಳದವರ ಕರ್ಮ!

ದೊಡ್ಡದೇನೂ ಕೇಳುತ್ತಿಲ್ಲ. ಪಾಣೆಮಂಗಳೂರು ಸೇತುವೆ ಕಂಬಕ್ಕೆ ದೂರದಿಂದ ಕಾಣುವಂತೆ ಮೀಟರ್ ಗುರುತು ಬರೆಯಿರಿ. ಯಾವ ಗುರುತಿಗೆ ಯಾವ ಕೇರಿ ಮುಳುಗುತ್ತದೆ ಅಂತ ಪಕ್ಕದಲ್ಲಿ ಕನ್ನಡದಲ್ಲಿ ಬೋರ್ಡ್ ಹಾಕಿ. ರಾತ್ರಿ ಮಟ್ಟ ಏರಿದರೆ ಮೆಸೇಜ್ ಬೇಡ, ಮೈಕ್ ಕಟ್ಟಿದ ರಿಕ್ಷಾ ಕಳಿಸಿ. ಕೋಲ, ನೇಮಕ್ಕೆ ಊರಿಡೀ ಮೈಕ್ ಹಿಡಿದು ಹೋಗುವ ಹುಡುಗರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಡೀಸೆಲ್ ದುಡ್ಡು ಕೊಟ್ಟರೆ ಸಾಕು.