ಬಾಲದ ತುದಿಯ ಕಪ್ಪು

ಯಾವ ಋತುವಿಗೆ ಯಾವ ಬಟ್ಟೆ ಎಂಬ ವಿಚಾರದಲ್ಲಿ ಸ್ಟೋಟ್ ಎಂಬ ಪುಟ್ಟ ಬೇಟೆಗಾರ ಪ್ರಾಣಿಯ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಅಟ್ಟ ಹತ್ತಿ ಸ್ವೆಟರ್ ಹುಡುಕುವ ಗೊಡವೆ ಅದಕ್ಕಿಲ್ಲ. ಬೇಸಿಗೆಯಲ್ಲಿ ಕಂದು ಬೆನ್ನು, ಕೆನೆಬಣ್ಣದ ಹೊಟ್ಟೆ. ಚಳಿ ಬರುವ ಹೊತ್ತಿಗೆ ಮೈಯೆಲ್ಲ ಬಿಳಿ. ಚಿತ್ರ ನೋಡಿದವರು ಮುಂಗುಸಿ ಎಂದಾರು. ಅಲ್ಲ, ನಮ್ಮ ತುಂಗಭದ್ರೆಯ ನೀರುನಾಯಿ ಇದರ ದಾಯಾದಿ. ಈ ದೇಶದಲ್ಲಿ ಇದನ್ನು ಕಾಣಬೇಕಾದರೆ ಲಡಾಖ್‌ನಂಥ ಹಿಮಾಲಯದ ಎತ್ತರಕ್ಕೇ ಹೋಗಬೇಕು. ದೊಡ್ಡ ಗಂಡು ತೂಗಿದರೂ ಅರ್ಧ ಕಿಲೋ ದಾಟದು. ಆದರೆ ತನ್ನ ಹಲವು ಪಟ್ಟು ತೂಗುವ ಮೊಲದ ಕುತ್ತಿಗೆಗೆ ಬಾಯಿ ಹಾಕುವ ಗಟ್ಟಿಗ.

ಬಣ್ಣ ಬದಲಿಸಲು ಅಪ್ಪಣೆ ಕೊಡುವುದು ಹಿಮವಲ್ಲ, ಹಗಲು. ಹಗಲು ಕಿರಿದಾಗುತ್ತ ಬಂದಂತೆ ಹೊಟ್ಟೆಯ ಕಡೆಯಿಂದ ಬೆನ್ನಿಗೆ ಬಿಳಿ ಹತ್ತುತ್ತದೆ. ವಸಂತದಲ್ಲಿ ಬೆನ್ನಿನಿಂದ ಕೆಳಕ್ಕೆ ಕಂದು ಇಳಿಯುತ್ತದೆ. ಚಳಿಯ ಮಾತೂ ಒಂದಿಷ್ಟು ನಡೆಯುತ್ತದೆ: ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಪೂರ್ತಿ ಬೆಳ್ಳಗಾಗುವ ಪ್ರಾಣಿ ದಕ್ಷಿಣ ಇಂಗ್ಲೆಂಡಿನಲ್ಲಿ ಬಹುಪಾಲು ಕಂದಾಗಿಯೇ ಚಳಿಗಾಲ ಕಳೆಯುತ್ತದೆ. ಹಗಲನ್ನು ನಂಬಿ ಬಿಳಿಯುಟ್ಟ ಮೇಲೆ ಹಿಮವೇ ಬೀಳದಿದ್ದರೆ? ಮದುವೆಗೆಂದು ಗರಿಗರಿ ಪಂಚೆ ಉಟ್ಟವನು ಉತ್ತ ಹೊಲದ ನಡುವೆ ನಿಂತ ಹಾಗೆ, ಮೇಲೆ ಹಾರುವ ಗಿಡುಗಕ್ಕೆ ಎದ್ದು ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ ಬಾಲದ ತುದಿಯನ್ನು ಮಾತ್ರ ಕಪ್ಪಾಗಿ ಬಿಟ್ಟಿರುತ್ತದೆ. ಮರೆವಲ್ಲ, ಉಪಾಯ. ಅಮೆರಿಕದ ಪ್ರಾಣಿವಿಜ್ಞಾನಿ ರೋಜರ್ ಪೊವೆಲ್ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಳಗಿಸಿದ ಗಿಡುಗಗಳ ಮುಂದೆ ಬಿಳಿ ಬೊಂಬೆಗಳನ್ನು ಎಳೆದಾಡಿಸಿದರು. ಉದ್ದ ಬಾಲದ ತುದಿಯಲ್ಲಿ ಕರಿ ಚುಕ್ಕೆ ಇದ್ದ ಬೊಂಬೆಗಳ ಮೇಲೆ ಗಿಡುಗಗಳ ಗುರಿ ಹೆಚ್ಚು ತಪ್ಪಿತು. ಕಣ್ಣು ಚುಕ್ಕೆಯ ಮೇಲೆ, ಮೈ ಬೇರೆಲ್ಲೋ! ಇದರದೇ ಕುಲದ, ಬಾಲ ಮೋಟಾದ ಸಣ್ಣ ವೀಸಲ್‌ಗೆ ಈ ಚುಕ್ಕೆ ಇಲ್ಲ. ಇದ್ದರೆ ಮೈಗೇ ಏಟು.

ಗಿಡುಗವನ್ನು ಏಮಾರಿಸಿದ ಬಾಲಕ್ಕೆ ಯುರೋಪಿನ ದೊರೆಗಳನ್ನು ಏಮಾರಿಸಲು ಆಗಲಿಲ್ಲ. ಈ ಬಿಳಿ ತುಪ್ಪಳವೇ ಎರ್ಮಿನ್. ಅದರ ನಡುವೆ ಕರಿ ಬಾಲದ ತುದಿಗಳನ್ನು ಹೊಲಿದು ನಿಲುವಂಗಿ ಮಾಡಿಸಿಕೊಂಡರು. ಬ್ರಿಟನ್ನಿನ ಪಟ್ಟಾಭಿಷೇಕದ ಉಡುಪಿನಲ್ಲಿ ಸರದಾರರ ಅಂತಸ್ತಿಗೆ ತಕ್ಕ ಲೆಕ್ಕ: ಡ್ಯೂಕ್‌ಗೆ 4 ಸಾಲು ಚುಕ್ಕೆ, ಅರ್ಲ್‌ಗೆ 3, ಬ್ಯಾರನ್‌ಗೆ 2. ಡ್ಯೂಕ್‌ಗೂ ಅರ್ಲ್‌ಗೂ ನಡುವಿನ ಮಾರ್ಕ್ವೆಸ್‌ಗೆ ಮೂರೂವರೆ! ಆ ಅರ್ಧ ಸಾಲಿಗಾಗಿ ಎಷ್ಟು ಮುನಿಸು ನಡೆದಿರಬಹುದೋ. ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಹೌಸ್ ಎಂಬ ಬಂಗಲೆಯಲ್ಲಿರುವ 1585ರ ಚಿತ್ರದಲ್ಲಿ ಒಂದನೇ ಎಲಿಜಬೆತ್ ರಾಣಿಯ ತೋಳಿನ ಮೇಲೆ ಬಿಳಿಯುಟ್ಟ ಈ ಪ್ರಾಣಿಯೇ ಕೂತಿದೆ, ಪಾವಿತ್ರ್ಯದ ಗುರುತಾಗಿ. ಕಲಾವಿದ ಅದರ ಮೈತುಂಬ ಕರಿ ಚುಕ್ಕೆ ಇಟ್ಟಿದ್ದಾನೆ. ಆತ ಕಂಡಿದ್ದು ಪ್ರಾಣಿಯನ್ನಲ್ಲ, ನಿಲುವಂಗಿಯನ್ನು ಎಂದು ನನ್ನ ಗುಮಾನಿ. ಪಾವಿತ್ರ್ಯದ ಮಾತಿಗೆ ಬಂದರೆ, ಈ ಪ್ರಾಣಿ ತಿಂದು ಮುಗಿಸಿದ ಇಲಿಯ ತುಪ್ಪಳವನ್ನೇ ಗೂಡಿಗೆ ಹಾಸಿಕೊಂಡು ಮಲಗುವ ಆಸಾಮಿ.

1880ರ ದಶಕದಲ್ಲಿ ಮೊಲದ ಕಾಟಕ್ಕೆಂದು ಇವನ್ನು ಬ್ರಿಟನ್ನಿನಿಂದ ಹಡಗಿನಲ್ಲಿ ನ್ಯೂಜಿಲೆಂಡಿಗೆ ಒಯ್ದರು. ಅಲ್ಲಿ ಋತುಗಳೆಲ್ಲ ತಲೆಕೆಳಗು. ದಕ್ಷಿಣದ ಚಳಿನಾಡಿನಲ್ಲಿ ಕೆಲವು ಈಗ ಜೂನ್-ಜುಲೈಗೆ ಬೆಳ್ಳಗಾಗುತ್ತವೆ. ಹಗಲೇ ಪಂಚಾಂಗವಾದವರಿಗೆ ಊರು ಯಾವುದಾದರೇನು. ಮೊಲಗಳನ್ನಷ್ಟೇ ತಿಂದಿದ್ದರೆ ಸರಿಯಿತ್ತು, ಕಿವಿ ಹಕ್ಕಿಯ ಮರಿಗಳಿಗೂ ಬಾಯಿ ಹಾಕಿದವು. 2050ರೊಳಗೆ ಇವನ್ನು ನಾಡಿನಿಂದಲೇ ಇಲ್ಲವಾಗಿಸುವುದು ಅಲ್ಲಿನ ಸರ್ಕಾರದ ಪಣ. ಅರಮನೆಯ ಪಟ್ಟಾಭಿಷೇಕಕ್ಕೆ ಬೇಕಾಗಿದ್ದ ಪ್ರಾಣಿಗೆ ಅಲ್ಲಿ ಮರದ ಪೆಟ್ಟಿಗೆಯ ಬೋನೊಳಗೆ ಕೋಳಿಮೊಟ್ಟೆ ಇಟ್ಟು ಕಾಯುತ್ತಾರೆ.